ಒಳಗಿನ ಚಿಲಕ

ಕೂತು ಸ್ನಾನ ಮಾಡುವ ಕುರ್ಚಿಗೆ ಐದು ಸಾವಿರದ ಆರುನೂರು. ಗೋಡೆಗೆ ಹಾಕುವ ಸ್ಟೀಲಿನ ಹಿಡಿಕೆ ಎರಡು, ಒಂದಕ್ಕೆ ಒಂಬೈನೂರು. ಉದ್ದನೆಯ ಪೈಪಿನ ಹ್ಯಾಂಡ್ ಶವರ್ ಏಳುನೂರು. ಜಾರದ ರಬ್ಬರ್ ಹಾಸು ನಾನೂರೈವತ್ತು. ಬಚ್ಚಲಮನೆಯ ಬಾಗಿಲು ಅಗಲ ಮಾಡಿದ ಮೇಸ್ತ್ರಿಯ ಕೂಲಿ, ಸಿಮೆಂಟು, ಹೊಸ ಫೈಬರ್ ಬಾಗಿಲು ಎಲ್ಲ ಸೇರಿ ಹದಿನಾಲ್ಕು ಸಾವಿರ. ಕೊನೆಗೆ ಒಂದು ಚಿಲಕ, ಎಂಬತ್ತು ರೂಪಾಯಿ.

ಇಷ್ಟರಲ್ಲಿ ನಮ್ಮ ಯಜಮಾನರಿಗೆ ಬೇಕಾಗಿದ್ದದ್ದು ಆ ಎಂಬತ್ತು ರೂಪಾಯಿಯದು ಮಾತ್ರ. ಉಳಿದದ್ದೆಲ್ಲ ಆ ಚಿಲಕ ಹಾಕಿಕೊಳ್ಳುವಂತಾಗಲಿ ಎಂದು ಮಾಡಿದ ಖರ್ಚು.

ಇವರ ಹೆಸರು ಅಶ್ವತ್ಥ್. ಯಶವಂತಪುರದ ಯಾರ್ಡಿನಲ್ಲಿ ಒಂದು ಈರುಳ್ಳಿ ಮಂಡಿಯಲ್ಲಿ ತೂಕ ನೋಡಿಕೊಳ್ಳುತ್ತಿದ್ದರು. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ, ಬೆಳಗಿನ ಲಾರಿ ಇಳಿಸುವಾಗ, ಗೋಡೆಯೆತ್ತರಕ್ಕೆ ಪೇರಿಸಿದ್ದ ಮೂಟೆಗಳು ವಾಲಿ ಇವರ ಬೆನ್ನ ಮೇಲೆ ಬಿದ್ದವು. ಬೆನ್ನುಹುರಿ ತುಂಡಾಯಿತು. ಸೊಂಟದಿಂದ ಮೇಲೆ ಮೊದಲಿನ ಮನುಷ್ಯನೇ. ತೋಳು ಗಟ್ಟಿ, ದನಿ ಗಟ್ಟಿ, ಹಸಿವು ಗಟ್ಟಿ. ಸೊಂಟದಿಂದ ಕೆಳಗೆ ಸೂಜಿ ಚುಚ್ಚಿದರೂ ತಿಳಿಯದು. ಮೊದಲೇ ಸಕ್ಕರೆ ಕಾಯಿಲೆ ಬೇರೆ ಇತ್ತು.

ನಮ್ಮದು ಕೆಂಪಾಪುರದ ಹಳೇ ಊರಿನ ಮನೆ. ಮಾವನವರ ಕಾಲಕ್ಕೇ ಜಮೀನೆಲ್ಲ ಹೋಗಿ, ಉಳಿದದ್ದು ಮೂರು ಕೋಣೆ, ಹಿಂದೆ ಒಂದು ಪಟ್ಟಿಯಷ್ಟು ಹಿತ್ತಿಲು. ಮನೆಯಲ್ಲಿ ನಾವಿಬ್ಬರು, ಇವರ ತಾಯಿ ಮುನಿಕೆಂಪಮ್ಮ. ಮಗಳು ಮದುವೆಯಾಗಿ ದೊಡ್ಡಬಳ್ಳಾಪುರದಲ್ಲಿದ್ದಾಳೆ. ನಾನು ಮೇನ್ ರೋಡಿನಲ್ಲಿ ಒಂದು ಸಣ್ಣ ಅಂಗಡಿ ಹಿಡಿದು ಬ್ಲೌಸ್ ಹೊಲಿಯುತ್ತೇನೆ.

ಆಸ್ಪತ್ರೆಯಿಂದ ಮನೆಗೆ ಬಂದಾಗ ಮೊದಲು ಎದುರಾದ ಕಷ್ಟ ಊಟದ್ದಲ್ಲ, ನಿದ್ದೆಯದ್ದಲ್ಲ. ಸ್ನಾನದ್ದು. ಬಚ್ಚಲಮನೆಯ ಬಾಗಿಲು ಎರಡೂಕಾಲು ಅಡಿ, ಗಾಲಿಕುರ್ಚಿ ಅದಕ್ಕಿಂತ ಅಗಲ. ಹೊತ್ತು ಒಳಗೆ ಹಾಕಲು ನಮ್ಮಿಬ್ಬರು ಹೆಂಗಸರಿಂದ ಆಗದು. ಹಾಗಾಗಿ ಹಿತ್ತಿಲಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿ, ಎರಡು ಹಗ್ಗಕ್ಕೆ ಹಳೇ ಸೀರೆ ಕಟ್ಟಿ ಮರೆ ಮಾಡಿ, ಅಲ್ಲೇ ನೀರು ಹಾಕಿದೆವು. ಅತ್ತೆ ಹಂಡೆಯಿಂದ ಬಿಸಿನೀರು ತೋಡಿ ಕೊಡುವರು. ನಾನು ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ ಎರೆಯುವೆ. ಆಸ್ಪತ್ರೆಯ ನರ್ಸಮ್ಮ ಬಿಡುಗಡೆಯ ದಿನ ಅದೊಂದನ್ನು ಮತ್ತೆ ಮತ್ತೆ ಹೇಳಿ ಕಳಿಸಿದ್ದಳು: "ಅವರಿಗೆ ಸುಟ್ರೂ ಗೊತ್ತಾಗಲ್ಲ. ಎಳೇ ಮಗೂಗೆ ನೋಡ್ತೀರಲ್ಲ, ಹಂಗೆ ನೋಡಿ."

ಸೀರೆ ಸುತ್ತಲಿನವರ ಕಣ್ಣಿಗೆ ಮರೆ, ಮೇಲಿನವರಿಗಲ್ಲ. ಪಕ್ಕದ ಸೈಟಿನಲ್ಲಿ ಐದಂತಸ್ತಿನ ಪಿಜಿ ಎದ್ದಿದೆ. ಬಾಲ್ಕನಿಯಲ್ಲಿ ಯಾರಾದರೂ ಹಲ್ಲುಜ್ಜುತ್ತಲೋ ಫೋನಿನಲ್ಲಿ ಮಾತಾಡುತ್ತಲೋ ಇರುತ್ತಾರೆ. ನಲವತ್ತೊಂಬತ್ತು ವಯಸ್ಸಿನ ಗಂಡಸು, ಹಮಾಲಿಗಳನ್ನೆಲ್ಲ ಒಂದು ಕೂಗಿಗೆ ನಿಲ್ಲಿಸುತ್ತಿದ್ದವರು, ತಾಯಿ ಬೆನ್ನುಜ್ಜುವಾಗ ಕಣ್ಣು ಮುಚ್ಚಿ ಗೋಡೆಯ ಕಡೆಗೆ ಮುಖ ಮಾಡಿ ಕೂರುತ್ತಿದ್ದರು. ಆಮೇಲೆ ಸ್ನಾನವೇ ಬೇಡ ಎನ್ನತೊಡಗಿದರು. ಬಟ್ಟೆ ಅದ್ದಿ ಒರೆಸಿಕೊಂಡರೆ ಸಾಕು ಅಂದರು. ತೊಡೆಯ ಸಂದಿಯಲ್ಲಿ ಚರ್ಮ ಒಡೆಯಿತು.

ಒಂದು ಸಂಜೆ ನಾನು ಅಲ್ಲಿಗೆ ಪೌಡರ್ ಹಾಕುವಾಗ ಹೇಳಿದರು, "ನೋಡೇ, ನಡೆಯೋಕ್ ಬರಲ್ಲ ಅಂತ ಡಾಕ್ಟ್ರು ಹೇಳಾಯ್ತು. ಅದನ್ನ ಬಿಡು. ನಂಗೊಂದ್ ಮಾಡ್ಕೊಡು. ಬಾಗ್ಲು ಹಾಕ್ಕೊಂಡು, ಒಳಗಿಂದ ಚಿಲ್ಕ ಹಾಕ್ಕೊಂಡು, ಒಬ್ನೇ ಸ್ನಾನ ಮಾಡ್ಬೇಕು. ಇನ್ನೇನೂ ಕೇಳಲ್ಲ."

"ಬಿದ್ರೆ?"

"ಕೂಗ್ತೀನಿ."

"ಚಿಲ್ಕ ಹಾಕ್ಕೊಂಡಿದ್ರೆ ನಾನ್ ಹೆಂಗ್ರೀ ಒಳಗ್ ಬರ್ಲಿ?"

"ಒದ್ದು ಬಾ. ನಿಂಗ್ ಕಾಲಿದೆಯಲ್ಲ."

ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ನಾನು ಟೇಪು ತೆಗೆದು ಇವರ ಸೊಂಟದ ಅಗಲ, ಗಾಲಿಕುರ್ಚಿಯ ಎತ್ತರ, ಬಚ್ಚಲಮನೆಯ ನಾಲ್ಕು ಗೋಡೆ ಎಲ್ಲ ಅಳೆದೆ. ಅಳತೆ ಇಲ್ಲದೆ ಬಟ್ಟೆ ಕತ್ತರಿಸುವವಳಲ್ಲ ನಾನು.

ಆರ್.ಟಿ. ನಗರದಲ್ಲಿ ಮಂಚ, ವಾಕರ್, ಗಾಲಿಕುರ್ಚಿ ಮಾರುವ ಅಂಗಡಿಯೊಂದಿದೆ. ಅಂಗಡಿಯವನ ಹೆಸರು ನದೀಮ್. ಮಾತಿನಲ್ಲಿ ಜಾಣ, ಮಾರುವುದರಲ್ಲಿ ಇನ್ನೂ ಜಾಣ. ನಾನು ಒಳಗೆ ಕಾಲಿಡುತ್ತಲೇ ಚಕ್ರದ ಕುರ್ಚಿಯೊಂದನ್ನು ಉರುಳಿಸಿಕೊಂಡು ಬಂದ.

"ಅಕ್ಕಾ, ಇದ್ ತಗೊಳ್ಳಿ. ಕಕ್ಕಸ್ಸಿಗೂ ಆಯ್ತು, ಸ್ನಾನಕ್ಕೂ ಆಯ್ತು. ನಾಲ್ಕು ಚಕ್ರ. ಆರಾಮಾಗಿ ತಳ್ಕೊಂಡ್ ಹೋಗೋದು, ತಳ್ಕೊಂಡ್ ಬರೋದು."

"ತಳ್ಳೋರು ಯಾರು?"

"ನೀವೇ."

"ಅದು ಬೇಡ ಅಂತಾನೇ ಇಲ್ಲಿಗ್ ಬಂದಿರೋದು."

ಅವನು ತಲೆ ಕೆರೆದುಕೊಂಡ. "ಬರೋರೆಲ್ಲ ತಳ್ಳೋಕ್ ಸುಲಭ ಇರೋದೇ ಕೇಳ್ತಾರೆ ಅಕ್ಕಾ. ಕೂರೋರನ್ನ ಕೇಳಿದ್ದು ನೀವೊಬ್ರೇ."

ಗಾಜಿಗೆ ರಬ್ಬರ್ ಬಟ್ಟಲಿನಿಂದ ಅಂಟಿಸಿದ್ದ ಹಿಡಿಕೆಯೊಂದಿತ್ತು. ಗೋಡೆಗೆ ತೂತು ಕೊರೆಯುವುದೇ ಬೇಡ, ಒತ್ತಿದರೆ ಸಾಕು, ಬಾಡಿಗೆ ಮನೆಯವರೆಲ್ಲ ಇದನ್ನೇ ಒಯ್ಯುತ್ತಾರೆ ಅಂದ. ನಾನು ಹಿಡಿದು ಜಗ್ಗಿದೆ. ಗಟ್ಟಿಯಾಗಿತ್ತು. ಸೊಂಟ ಬಗ್ಗಿಸಿ ಮೈಭಾರವೆಲ್ಲ ಹಾಕಿ ಜಗ್ಗಿದೆ. ಕೈಗೆ ಬಂತು.

"ನೀವ್ ಜಗ್ಗಿದ್ ಥರ ಯಾರೂ ಜಗ್ಗಲ್ಲ ಅಕ್ಕಾ!"

"ಬೀಳೋನು ಹಂಗೇ ಜಗ್ಗೋದಪ್ಪ."

ಸ್ಟೀಲಿನದ್ದೇ ತೆಗೆದುಕೊಂಡೆ, ಗೋಡೆಗೆ ಬೋಲ್ಟು ಹಾಕುವಂಥದು. ಆಮೇಲೆ ಕುರ್ಚಿಗಳು. ಗಾಲಿಕುರ್ಚಿಯೊಂದರಲ್ಲಿ ನಾನೇ ಕೂತು, ಪಕ್ಕದಲ್ಲಿ ಸ್ನಾನದ ಕುರ್ಚಿ ಇಡಿಸಿದೆ. ಕಾಲೆರಡೂ ಸತ್ತಿವೆ ಎಂದುಕೊಂಡು, ಬರೀ ಕೈ ಊರಿ ಅದರಿಂದ ಇದಕ್ಕೆ ಜರುಗಿದೆ. ಮೊದಲ ಕುರ್ಚಿಯ ತೋಳು ಅಡ್ಡ ಬಂತು. ಎರಡನೆಯದು ತಗ್ಗು, ಇಳಿಯುವುದು ಸುಲಭ, ಹತ್ತುವುದು ಆಗದು. ಮೂರನೆಯದರ ತೋಳು ಮೇಲಕ್ಕೆ ಎತ್ತಬಹುದಿತ್ತು. ಕಾಲುಗಳಲ್ಲಿ ತೂತುಗಳಿದ್ದು, ಎತ್ತರ ಹೊಂದಿಸಬಹುದಿತ್ತು. ಕೂರುವ ಹಲಗೆಯ ಮುಂಭಾಗ ಕತ್ತರಿಸಿದ್ದರಿಂದ ಕೈ ಹಾಕಿ ತೊಳೆದುಕೊಳ್ಳಬಹುದು. ಹಲಗೆ ಮಾತ್ರ ಗಟ್ಟಿ. ಗೊತ್ತಾಗದ ಮಾಂಸಕ್ಕೆ ಗಟ್ಟಿ ಅಂಚು ಒತ್ತಿದರೆ ಹುಣ್ಣಾಗುತ್ತದೆ. ಅದಕ್ಕೆ ಫೋಮ್ ಇಟ್ಟು ರೆಕ್ಸಿನ್ ಹೊದಿಕೆ ನಾನೇ ಹೊಲಿಯಬಲ್ಲೆ. ಆರು ಸಾವಿರ ಅಂದದ್ದನ್ನು ನಾನೂರು ಇಳಿಸಿಕೊಂಡೆ.

"ಅಕ್ಕಾ, ನಮ್ ಅಂಗ್ಡೀಲಿ ಕೆಲ್ಸಕ್ಕೆ ಬಂದ್ಬಿಡಿ," ಅಂದ ನದೀಮ್. "ಬರೋರ್ಗೆಲ್ಲ ಕೂತ್ಕೊಂಡ್ ತೋರಿಸ್ಬೋದು."

ಮೇಸ್ತ್ರಿ ಬಾಗಿಲನ್ನು ಮೂರಡಿಗೆ ಅಗಲ ಮಾಡಿ, ಹೊಸ್ತಿಲು ಒಡೆದು ನೆಲ ಇಳಿಜಾರು ಮಾಡಿದ. ಗೀಸರಿನ ಬಿಸಿ ಎಷ್ಟಿರಬೇಕೆಂದು ಇಡುವ ತಿರುಗುಣಿ ಇರುತ್ತದಲ್ಲ, ಅದನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಕೆಳಗಿಳಿಸಿ, ಎಷ್ಟು ತಿರುಗಿಸಿದರೂ ಉಗುರುಬೆಚ್ಚಗಿಂತ ಹೆಚ್ಚು ಬರದಂತೆ ಮಾಡಿಸಿದೆ. ಚಿಲಕವನ್ನು ಕೂತವರ ಕೈಗೆ ಎಟುಕುವಂತೆ ಕೆಳಗೆ ಹಾಕಿಸಿದೆ.

ಅತ್ತೆ ಇದನ್ನೆಲ್ಲ ಹಂಡೆಯೊಲೆಯ ಮುಂದೆ ಕೂತು ನೋಡುತ್ತಿದ್ದರು. ಹಿತ್ತಿಲ ಮೂಲೆಯಲ್ಲಿ ಒಲೆಗೆ ಕೂರಿಸಿದ ತಾಮ್ರದ ಹಂಡೆ ಅವರು ತವರಿನಿಂದ ತಂದದ್ದು. ಸುತ್ತ ಏಳುವ ಕಟ್ಟಡಗಳಲ್ಲಿ ಬಿಸಾಡಿದ ಸೆಂಟ್ರಿಂಗ್ ಹಲಗೆ ಚೂರುಗಳನ್ನು ಆಯ್ದು ತಂದು ಅದನ್ನು ಉರಿಸುತ್ತಿದ್ದರು. ಎಪ್ಪತ್ತೈದು ದಾಟಿದ್ದರೂ ಬೆಳಗ್ಗೆ ಹಂಡೆ ಕಾಯದ ದಿನವಿಲ್ಲ.

ಗೀಸರಿನ ನೀರಿಗೆ ಕೈಯೊಡ್ಡಿ ನೋಡಿದರು. "ಇದು ಬಿಸ್ನೀರಾ? ಗಂಜಿ ಆರೋದಂಗೈತೆ. ಇಂಗ್ ಉಯ್ಕೊಂಡ್ರೆ ನರ ಎಂಗ್ ಬಿಡ್ತವೆ?"

"ಅತ್ತೆ, ಅವರಿಗೆ ಬಿಸಿ ಗೊತ್ತಾಗಲ್ಲ."

"ಗೊತ್ತಾಗ್ಲಿ ಅಂತಾನೇ ಕಣವ್ವ ಬಿಸಿ ಉಯ್ಯೋದು. ನಮ್ ಚಿಕ್ಕಪ್ಪಂಗೆ ಲಕ್ವಾ ಒಡ್ದು ಒಂದ್ ಕಡೆ ಬಿದ್ದೋಗಿತ್ತು. ಲಕ್ಕಿ ಸೊಪ್ಪು, ಉಣ್ಸೆ ಸೊಪ್ಪು ಆಕಿ ಕುದ್ಸಿ ಕುದ್ಸಿ ಉಯ್ದ್ರು. ಸುಗ್ಗಿ ಒತ್ಗೆ ಒಲಕ್ಕೆ ಓದ."

"ಅದು ಲಕ್ವಾ ಅತ್ತೆ. ಇವರದ್ದು ಬೆನ್ನಲ್ಲಿ ತುಂಡಾಗಿರೋದು."

"ನೀನೇನ್ ಒಳ್ಗೋಗಿ ನೋಡ್ಕಂಡ್ ಬಂದಿದ್ದೀಯಾ?"

ಅವರ ಕೈಯ ಬಿಸಿನೀರು ನನಗೂ ಗೊತ್ತು. ಮಗಳು ಹುಟ್ಟಿದಾಗ ನನ್ನನ್ನು ಹಲಗೆಯ ಮೇಲೆ ಕೂರಿಸಿ, ಅದೇ ಸೊಪ್ಪಿನ ನೀರನ್ನು ಸೊಂಟಕ್ಕೆ ಬೀಸಿ ಬೀಸಿ ಎರೆದವರು ಅವರೇ. ಚರ್ಮ ಕೆಂಪಗಾಗುವುದು, ಆಮೇಲೆ ಕಂಬಳಿ ಹೊದ್ದು ಮಲಗಿದರೆ ಜನ್ಮದಲ್ಲಿ ಕಾಣದಂಥ ನಿದ್ದೆ. ಊರಿನ ಎಷ್ಟೋ ಬಾಣಂತಿಯರಿಗೆ ಹಾಗೆ ಎರೆದ ಕೈ ಅದು. ಆದರೆ ನಾನು "ಅಯ್ಯೋ ಅತ್ತೆ" ಎಂದು ಕೂಗಿದರೆ ಒಂದು ಚೊಂಬು ತಣ್ಣೀರು ಬೆರೆಸುತ್ತಿದ್ದರು. ಎರೆಯುವವರಿಗೆ ಎರೆಸಿಕೊಳ್ಳುವವರ ಕೂಗೇ ಅಳತೆ. ಅದು ಬಿಟ್ಟು ಬೇರೆ ಅಳತೆ ಆ ಕೈಗೆ ಯಾರೂ ಕಲಿಸಿರಲಿಲ್ಲ. ಕೂಗದ ಮೈಗೆ ಅವರು ಎಂದೂ ನೀರು ಎರೆದಿರಲಿಲ್ಲ.

ಇದನ್ನೇ ಹೇಳಿದೆ. ಅವರು ಒಲೆಗೆ ಇನ್ನೊಂದು ಹಲಗೆ ಚೂರು ತಳ್ಳಿ, "ಆಯ್ತು ಬುಡು, ನಿನ್ ಗಂಡ, ನಿನ್ ನೀರು," ಅಂದರು.

ದೀಪಾವಳಿಯ ನೀರು ತುಂಬುವ ಹಬ್ಬ ಆದ ಮಾರನೆಯ ದಿನ ಇವರು ಮೊದಲ ಸಲ ಒಬ್ಬರೇ ಒಳಗೆ ಹೋದರು. ಚಿಲಕ ಬಿದ್ದ ಸದ್ದಾಯಿತು. ನಾನು ಹೊರಗೆ ಬಾಗಿಲಿಗೆ ಕಿವಿಯಿಟ್ಟು ನಿಂತೆ. ಕುರ್ಚಿಯ ತೋಳು ಎತ್ತಿದ್ದು ಕೇಳಿತು. ಹ್ಞೂಂ ಎಂದು ದಮ್ಮು ಕಟ್ಟಿ ಜರುಗಿದ್ದು ಕೇಳಿತು. ಆಮೇಲೆ ನೀರು.

"ಏನೇ, ಬಾಗ್ಲಲ್ಲಿ ನಿಂತಿದ್ದೀಯಾ?"

"ಇಲ್ರೀ."

"ನಿಂತಿದ್ದೀಯ. ಹೋಗು, ಕಾಫಿ ಇಡು."

ಹೊರಗೆ ಬಂದಾಗ ತಲೆ ಬಾಚಿದ್ದರು. ಅವರೇ ಲುಂಗಿ ಸುತ್ತಿಕೊಂಡಿದ್ದರು, ಸೊಟ್ಟಪಟ್ಟ. ಬಹಳ ದಿನದ ಮೇಲೆ ಕಾಫಿಗೆ ಸಕ್ಕರೆ ಕಮ್ಮಿ ಎಂದು ನನ್ನನ್ನು ಬೈದರು. ನನಗೆ ಕುರ್ಚಿಯ ದುಡ್ಡು ಅಲ್ಲಿಗೇ ವಾಪಸು ಬಂದಂತಾಯಿತು.

ಸ್ವಲ್ಪ ದಿನ ಬೆಳಗ್ಗೆ ನಾನು ಹೊರಡುವ ಮುಂಚೆಯೇ ಸ್ನಾನ ಮಾಡುತ್ತಿದ್ದರು. ಆಮೇಲೆ, ನೀನು ಹೋದ ಮೇಲೆ ಮಾಡುತ್ತೇನೆ, ಅವಸರ ಯಾಕೆ, ಅಂದರು. ಸರಿ ಎನಿಸಿತು. ಒಂದು ದಿನ ಮಧ್ಯಾಹ್ನ ಊಟಕ್ಕೆ ಬಂದರೆ ಹಿತ್ತಿಲೆಲ್ಲ ಲಕ್ಕಿ ಸೊಪ್ಪಿನ ಘಾಟು.

"ನನ್ ಮಂಡಿ ನೋವ್ಗೆ ಕಣವ್ವ," ಅಂದರು ಅತ್ತೆ. "ಸಿಂಗಾಪುರದ್ ಸುಬ್ಬಮ್ಮ ಕೆರೆ ಏರಿಯಿಂದ ಕಿತ್ಕಂಬಂದ್ ಕೊಟ್ಲು."

ಅವರಿಗೆ ಮಂಡಿ ನೋವು ಇದ್ದದ್ದು ನಿಜ. ಸೊಪ್ಪು ಒಲೆಯ ಪಕ್ಕದಲ್ಲೇ ಇತ್ತು, ಅಡಗಿಸಿಟ್ಟಿರಲಿಲ್ಲ.

ಡಿಸೆಂಬರಿನಲ್ಲಿ ಒಂದು ರಾತ್ರಿ ಇವರು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು, "ಯಾರಿಗೂ ಹೇಳ್ಬೇಡ. ಎಡಗಾಲ್ ಹೆಬ್ಬೆರಳು ಜುಮ್ ಅಂತು ಇವತ್ತು."

ನನ್ನ ಎದೆಯೂ ಜುಮ್ಮೆಂದಿತು. ಸುಳ್ಳು ಹೇಳುವುದಿಲ್ಲ. "ಕಣ್ ಮುಚ್ಕೊಳ್ಳಿ," ಅಂದೆ. "ನಾನು ಹಿಡಿದಾಗ ಹೇಳಿ."

ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು, "ಈಗ. ಈಗ ಹಿಡಿದೆ," ಅಂದರು. ಮುಖ ಅರಳಿತ್ತು.

ನಾನು ಮುಟ್ಟಿರಲೇ ಇಲ್ಲ. ಅವರು ಕಣ್ಣು ಬಿಟ್ಟಾಗ ನನ್ನ ಎರಡು ಕೈಯೂ ನನ್ನ ಮಡಿಲಲ್ಲೇ ಇದ್ದವು. ಅವರು ನೋಡಿದರು. ಗೋಡೆಯ ಕಡೆಗೆ ಮುಖ ತಿರುಗಿಸಿದರು.

ಅಲ್ಲಿಂದ ಮುಂದೆ ಕಾಲಿನ ಮಾತೇ ಎತ್ತಲಿಲ್ಲ. ಚಳಿ ಎಂದು ಹೇಳಿ ಕಾಲುಚೀಲ ಹಾಕಿಸಿಕೊಂಡು ಇರತೊಡಗಿದರು. ಅದನ್ನು ಹಾಕುತ್ತಿದ್ದದ್ದು ಅತ್ತೆ.

ಸಂಕ್ರಾಂತಿಗೆ ಮುಂಚಿನ ಭಾನುವಾರ ನಾನು ನೇಲ್ ಕಟ್ಟರ್ ಹಿಡಿದು ಇವರ ಕಾಲ ಬಳಿ ಕೂತೆ. ಉಗುರು ತೆಗೆಯುವುದು ನನ್ನ ಪಾಲಿನ ಕೆಲಸ. ಸಕ್ಕರೆ ಇರುವವರ ಕಾಲಿಗೆ ಬೇರೆಯವರ ಕೈ ಹಾಕಗೊಡುವುದಿಲ್ಲ.

"ಇವತ್ ಬೇಡ," ಅಂದರು.

"ಹೋದ್ ವಾರಾನೂ ಬೇಡ ಅಂದ್ರಿ."

"ಬೇಡ ಅಂದ್ನಲ್ಲೇ!"

ಆ ದನಿಯಲ್ಲೇ ನನಗೆ ಗೊತ್ತಾಯಿತು. ಎಡಗಾಲಿನ ಕಾಲುಚೀಲ ಎಳೆದೆ. ಬರಲಿಲ್ಲ. ಬಟ್ಟೆ ಮಾಂಸಕ್ಕೆ ಅಂಟಿತ್ತು. ನೀರು ಹಾಕಿ ನೆನೆಸಿ ಬಿಡಿಸಿದರೆ ಅದರ ಜೊತೆಗೆ ಪಾದದ ಮೇಲಿನ ಚರ್ಮವೂ ಸುರುಳಿಯಾಗಿ ಬಂತು. ಕೆಳಗೆ ಅರಿಶಿನ ಮೆತ್ತಿದ ಕೀವು. ಹಿಮ್ಮಡಿಯಲ್ಲಿ ಕಪ್ಪು. ಇಷ್ಟಾಗುವಾಗ ಇವರು ನನ್ನ ಮುಖವನ್ನೇ ನೋಡುತ್ತಿದ್ದರು, ಕಾಲು ಯಾರದ್ದೋ ಎಂಬಂತೆ. ನೋವೇ ಇಲ್ಲದ ಮುಖ.

"ಏನ್ ಮಾಡ್ಕೊಂಡ್ರಿ ಇದು?"

ಎಲ್ಲ ಹೇಳಿದರು. ಹಂಡೆ ನೀರು ತಂದಿಡು ಎಂದು ತಾಯಿಗೆ ಹೇಳಿದ್ದು ಇವರೇ. ಅವರು ಬಕೆಟ್ಟಿನಲ್ಲಿ ಸೊಪ್ಪಿನ ನೀರು ತಂದು, ಕಾಲು ಹಿಡಿಸುವ ಟಬ್ಬಿಗೆ ಸುರಿದು ಹೊರಗೆ ಹೋಗುವರು. ಇವರು ಚಿಲಕ ಹಾಕಿಕೊಂಡು, ಕುರ್ಚಿಯ ಮೇಲೆ ಕೂತು, ಕಾಲನ್ನು ಕೈಯಿಂದ ಎತ್ತಿ ಒಳಗೆ ಇಡುವರು.

"ಎಷ್ಟ್ ಹೊತ್ತು?"

"ಕೆಂಪಾಗೋವರೆಗೆ. ಕೆಂಪಾಯ್ತು ಕಣೇ. ಅಷ್ಟ್ ತಿಂಗ್ಳಿಂದ ಬೂದಿ ಬಣ್ಣಕ್ಕಿದ್ ಕಾಲು ಕೆಂಪಾಯ್ತು. ರಕ್ತ ಬಂತು ಅಂದ್ಕೊಂಡೆ. ನಾಳೆ ಇನ್ನೊಂಚೂರು ಬಿಸಿ ಇರ್ಲಿ ಅಂದೆ ಅವ್ವಂಗೆ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಇಲ್ಲ ಅಂತೀಯ. ಮುಟ್ಟದೇ ಕೂತ್ಕೊಂಡು ತೋರಿಸ್ತೀಯ. ಬಚ್ಚಲಮನೇಲಿ ಹಂಗೆ 'ಇಲ್ಲ' ಅನ್ನೋರು ಯಾರೂ ಇರ್ಲಿಲ್ಲ."

ಅತ್ತೆ ಬಾಗಿಲ ಹತ್ತಿರ ನಿಂತಿದ್ದರು. ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

"ಗುಳ್ಳೆ ಎದ್ದಾಗ ನಂಗ್ ಬಯ ಆಯ್ತು ಕಣವ್ವ. ಇವ್ನು ಯೋಳ್ಬ್ಯಾಡ ಅಂದ. ಒಳ್ಗಿನ್ ಕೆಟ್ನೀರು ಆಚ್ಗ್ ಬತ್ತೈತೇನೋ ಅಂದ್ಕಂಡೆ. ಅರಿಸ್ನ ಆಕ್ದೆ." ಮಗನ ಕಡೆ ನೋಡಿದರು. "ಉರೀತದೆ ಅಂತ ಒಂದ್ ಮಾತ್ ಅಂದಿದ್ರೆ ಸಾಕಾಗಿತ್ತಲ್ಲೋ ಮಗ."

ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ಬಲಗಾಲಿನ ಗಾಯ ಮೇಲಿನದು, ಒಣಗುತ್ತದೆ ಅಂದರು. ಎಡಗಾಲಿನಲ್ಲಿ ಕೀವು ಮೂಳೆಗೆ ಇಳಿದಿತ್ತು. ಸಕ್ಕರೆ ನಾನೂರು ದಾಟಿತ್ತು. ವಾರವೆಲ್ಲ ಇಂಜೆಕ್ಷನ್ ಕೊಟ್ಟು ನೋಡಿದರು. ಜ್ವರ ಇಳಿಯಲಿಲ್ಲ. ಮೊಣಕಾಲಿನ ಕೆಳಗೆ ತೆಗೆಯದಿದ್ದರೆ ಜೀವಕ್ಕೇ ಬರುತ್ತದೆ ಎಂದರು ಡಾಕ್ಟರು. ಇನ್ನೂ ಚಿಕ್ಕ ವಯಸ್ಸಿನವರು, ಒಳ್ಳೆಯವರೇ. ನನಗೆ ಸಮಾಧಾನ ಹೇಳಲು, "ಹೇಗೂ ಆ ಕಾಲು ಅವರ ಉಪಯೋಗಕ್ಕೆ ಬರ್ತಿರ್ಲಿಲ್ಲ ಅಲ್ವಾಮ್ಮ," ಅಂದರು.

ನಾನು ಸಹಿ ಹಾಕಿದೆ. ಆ ಕಾಲಿನ ಉಪಯೋಗ ಏನಿತ್ತೆಂದು ಅವರಿಗೆ ವಿವರಿಸುವುದು ಹೇಗೆ? ಮನೆಯಲ್ಲಿ ಇಬ್ಬರು ಅದನ್ನೇ ನೋಡಿಕೊಂಡು ಬೆಳಗಾಗಿಸುತ್ತಿದ್ದರು.

ಆಪರೇಷನ್ ಆದ ದಿನ ಅತ್ತೆ ನನ್ನನ್ನು ಕೇಳಿದ್ದು ಒಂದೇ ಮಾತು. "ಕಾಲೆಲ್ಲೈತೆ?"

"ಆಸ್ಪತ್ರೆಯೋರೇ ನೋಡ್ಕೊಳ್ತಾರಂತೆ ಅತ್ತೆ."

"ಕೊಡಲ್ವಂತಾ? ಮಣ್ಗಾದ್ರೂ ಆಕಾನ."

ಕೇಳಿದರೆ ಕೊಡುತ್ತಿದ್ದರೇನೋ. ಕೊಟ್ಟಿದ್ದರೂ ಮಣ್ಣು ಮಾಡಲು ನಮಗೆ ಜಾಗ ಎಲ್ಲಿತ್ತು? ಹಿತ್ತಿಲಿನಷ್ಟೇ ನಮ್ಮ ಭೂಮಿ, ಅದರ ಮೇಲೆ ಪಿಜಿಯವರ ಬಾಲ್ಕನಿ. ನಾನು ಕೇಳಲಿಲ್ಲ.

ಬಂದು ನೋಡಿದವರೆಲ್ಲ ಅತ್ತೆಯ ಮೇಲೆ ಹರಿಹಾಯ್ದರು. ಇವರ ತಂಗಿ ಆಶಾರಾಣಿ ಯಲಹಂಕದಿಂದ ಬಂದು ಅಂಗಳದಲ್ಲೇ ನಿಂತು, "ಎತ್ ಮಗನ್ ಕಾಲ್ ಬೇಯಿಸ್ಬಿಟ್ಯಲ್ಲವ್ವ," ಎಂದು ಕಿರುಚಿದಳು. ನಾನು ಆಶಾರಾಣಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಊಟಕ್ಕೆ ಬಡಿಸಿದೆ. ಬೈಯಲು ನನಗೂ ಬಾಯಿತ್ತು. ಆದರೆ ನಾಳೆ ಬೆಳಗ್ಗೆ ನಾನು ಅಂಗಡಿಗೆ ಹೋದ ಮೇಲೆ ಇವರಿಗೆ ಗಂಜಿ ಕೊಡುವ ಕೈ ಅದೇ. ಆ ಕೈ ನಡುಗುವಂತೆ ಮಾಡಿ ನನಗೇನು ಲಾಭ?

ಇವರು ಮನೆಗೆ ಬರುವ ಹೊತ್ತಿಗೆ ಅತ್ತೆ ಹಂಡೆಯನ್ನು ಒಲೆಯಿಂದ ಕಿತ್ತು ಗುಜರಿಯವನಿಗೆ ಹಾಕಿದ್ದರು. ತವರಿನದು, ಇಟ್ಟುಕೊಳ್ಳಿ ಎಂದು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಹೋಗಿತ್ತು. ಒಲೆಯ ಬಾಯಿಗೆ ಮಣ್ಣು ತುಂಬಿದ್ದರು. ಈಗ ಅವರು ನಲ್ಲಿಯ ತಣ್ಣೀರಲ್ಲೇ ಸ್ನಾನ ಮಾಡುತ್ತಾರೆ, ಮಾಗಿಯ ಚಳಿಯಲ್ಲೂ. ಗೀಸರ್ ಹಾಕಿಕೊಳ್ಳಿ ಎಂದರೆ ಕೇಳುವುದಿಲ್ಲ.

ಗಾಯ ಒಣಗಿ, ಹೊಲಿಗೆ ತೆಗೆದ ಮೇಲೆ ಸ್ನಾನ ಮಾಡಿಸಬಹುದು ಅಂದರು. ಕುರ್ಚಿಯನ್ನು ಒರೆಸಿ ಅದರ ಜಾಗದಲ್ಲಿಟ್ಟೆ. ಕಾಲೊಂದು ಕಡಿಮೆಯಾದರೆ ಕೂತವರ ತೂಕ ಒಂದು ಕಡೆಗೆ ವಾಲುತ್ತದೆ. ಅದಕ್ಕೆ ಎಡಗಡೆಯ ಮೆತ್ತೆಗೆ ಸ್ವಲ್ಪ ಫೋಮ್ ಹೆಚ್ಚಿಗೆ ಇಟ್ಟು ಹೊಲಿದೆ. ಇವರು ಗಾಲಿಕುರ್ಚಿಯನ್ನು ಬಚ್ಚಲಮನೆಯ ಬಾಗಿಲವರೆಗೆ ತಂದು ನಿಲ್ಲಿಸಿದರು. ಒಳಗೆ ಹೋಗಲಿಲ್ಲ.

"ಶಾಂತಲಾ, ಆ ಚಿಲ್ಕ ತೆಗಿ."

ಇವರು ನನ್ನ ಹೆಸರು ಹಿಡಿದು ಕರೆಯುವುದು ಅಪರೂಪ.

"ಯಾಕ್ರೀ? ಗೀಸರ್ ನೀರಿಂದ ಏನೂ ಆಗಲ್ಲ. ಹಂಡೆ ಹೋಯ್ತಲ್ಲ."

"ಇನ್ನೊಂದ್ ಕಾಲಿದೆಯಲ್ಲ."

ನಾನು ಇವರ ಬಲಗಾಲಿನ ಕಡೆ ನೋಡಿದೆ.

"ಒಳಗೆ ಒಬ್ನೇ ಕೂತ್ರೆ ಅದನ್ನೇ ನೋಡ್ತೀನಿ," ಅಂದರು. "ನೋಡ್ತಾ ನೋಡ್ತಾ ಏನಾದ್ರೂ ಮಾಡ್ಬೇಕು ಅನ್ಸುತ್ತೆ. ಬಿಸಿ ಇಲ್ದಿದ್ರೆ ಇನ್ನೊಂದು. ಬ್ಲೇಡ್ ಇರುತ್ತೆ, ಹಿಮ್ಮಡಿ ಉಜ್ಜೋ ಕಲ್ಲಿರುತ್ತೆ. ನಂಗೆ ನನ್ ಮೇಲೆ ನಂಬ್ಕೆ ಇಲ್ಲ. ನಾನ್ ಹೇಳ್ತಿರೋವಾಗ್ಲೇ ತೆಗಿ. ನಾಳೆ ಬೇಡ ಅಂತೀನಿ."

ಹೊಲಿಗೆ ಮಿಷನ್ನಿನ ಡ್ರಾದಲ್ಲಿ ಸಣ್ಣ ಸ್ಕ್ರೂಡ್ರೈವರ್ ಇತ್ತು. ತಂದು, ನೆಲದಲ್ಲಿ ಕೂತು, ಚಿಲಕದ ನಾಲ್ಕು ತಿರುಪು ಬಿಚ್ಚಿದೆ. ಇವರು ನೋಡುತ್ತಿದ್ದರು. ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದರು. ಬಾಗಿಲಲ್ಲಿ ನಾಲ್ಕು ತೂತು ಉಳಿದವು. ಅವಕ್ಕೆ ಎಂ-ಸೀಲ್ ತುಂಬಿದೆ.

ಈಗ ನಾನೇ ನೀರು ಹಾಕುತ್ತೇನೆ. ಬಾಗಿಲು ಮುಚ್ಚಿಕೊಳ್ಳುತ್ತೇವೆ, ಆದರೆ ಒಳಗೆ ಇಬ್ಬರಿರುತ್ತೇವೆ. ಇವರು ಮೊದಲಿನ ಹಾಗೆ ಗೋಡೆಯ ಕಡೆಗೆ ಮುಖ ಮಾಡಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಬಕೆಟ್ಟಿಗೆ ನಾನು ಮೊಣಕೈ ಅದ್ದಿ ನೋಡಿದ ಮೇಲೂ ಅತ್ತೆ ಬಂದು ತಮ್ಮ ಮೊಣಕೈ ಅದ್ದಿ ನೋಡಿ ಹೋಗುತ್ತಾರೆ.

ನದೀಮನ ಕುರ್ಚಿ ಗಟ್ಟಿಯಾಗಿದೆ. ಹಿಡಿಕೆಗಳು ಅಲುಗಿಲ್ಲ, ಹಾಸು ಜಾರಿಲ್ಲ. ಇವರು ಒಂದು ಸಲವೂ ಬಿದ್ದಿಲ್ಲ. ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಒಬ್ಬರೇ ಬಾಗಿಲು ಹಾಕಿಕೊಂಡು ಸ್ನಾನ ಮಾಡಿದ್ದು ಆ ಒಂದು ಚಳಿಗಾಲ ಮಾತ್ರ.